ಸೇವಂತಿಗೆಗೂ ರಾತ್ರಿ ಪಾಳಿ

ಹಸಿರುಮನೆ ಕಟ್ಟಿದರೆ ರೈತ ಉದ್ಧಾರವಾಗುತ್ತಾನೆ ಎಂಬ ಮಾತನ್ನು ಮೂವತ್ತು ವರ್ಷಗಳಿಂದ ಕೇಳುತ್ತಾ ಬಂದಿದ್ದೇವೆ. ಮಂತ್ರಿಗಳು ಬದಲಾಗಿದ್ದಾರೆ, ಮಾತು ಬದಲಾಗಿಲ್ಲ. ಪಾಲಿಥೀನ್ ಹೊದಿಕೆಯ ಮನೆ, ಒಳಗೆ ಬೀಸಣಿಗೆ, ರಾತ್ರಿಗೆ ದೀಪ, ಗುಂಡಿ ಒತ್ತಿದರೆ ಮಂಜು. ಇಷ್ಟಿದ್ದರೆ ಸಾಕಂತೆ, ಬೆಳೆ ತಾನಾಗಿ ಬರುತ್ತದಂತೆ, ಬೆಳೆಯ ಹಿಂದೆ ಹಣವೂ ತಾನಾಗಿ ಬರುತ್ತದಂತೆ! ಈ ಭಾಗ್ಯ ಯಾರ ಮನೆಗೆ ಬಂತು, ಯಾರ ಮನೆಯ ದೀಪ ಆರಿಸಿ ಬಂತು ಎಂಬ ಲೆಕ್ಕವನ್ನು ಮಾತ್ರ ಯಾರೂ ಒಪ್ಪಿಸಿಲ್ಲ.

ಗಿರಣಿ ಕೆಲಸಗಾರನಿಗೂ ಮಂಡಿಪೇಟೆಯ ಅಂಗಡಿಯವನಿಗೂ ಹಸಿರುಮನೆಯ ಗೊಡವೆ ಏತಕ್ಕೆ ಎಂದು ಮೊನ್ನೆ ಪಕ್ಷದ ಕಚೇರಿಯಲ್ಲಿ ಒಬ್ಬ ಗೆಳೆಯರು ಕೇಳಿದರು. ಹಸಿರುಮನೆಯೆಂದರೆ ಬೆಳಕನ್ನೂ ಶಾಖವನ್ನೂ ಗಾಳಿಯ ತೇವವನ್ನೂ ಅಳತೆಗೆ ತಂದು ದುಡಿಸುವ ಒಂದು ಕಾರ್ಖಾನೆ. ಅದರ ಮರ್ಮವನ್ನು ದಾವಣಗೆರೆಯ ಗಿರಣಿಯವರಷ್ಟು ಬಲ್ಲವರು ಬೇರೆ ಯಾರಿದ್ದಾರೆ? ನೂಲುವ ವಿಭಾಗದಲ್ಲಿ ಎಳೆ ಹರಿಯದಿರಲೆಂದು ಗಾಳಿಗೆ ತೇವ ಊದುತ್ತಾರೆ. ಹಳೆಯ ಗಿರಣಿಗಳ ಛಾವಣಿ ಗರಗಸದ ಹಲ್ಲಿನಂತೆ ಏರಿಳಿದಿರುತ್ತದೆ. ಅದರ ಗಾಜು ಉತ್ತರಕ್ಕೆ ಮುಖ ಮಾಡಿರುತ್ತದೆ. ಬಿಸಿಲು ನೇರವಾಗಿ ಬೀಳದೆ ತಂಪಾದ ಬೆಳಕಷ್ಟೇ ಒಳಗಿಳಿಯಲಿ ಎಂದು ಮಾಡಿದ ಉಪಾಯವದು. ನೂಲಿಗೆ ಮಾಡುವ ಈ ಉಪಚಾರವನ್ನೇ ಗಿಡಕ್ಕೆ ಮಾಡಿದರೆ ಅದು ಹಸಿರುಮನೆ. ನೂಲಿನ ನಡುವೆ ನಿಂತು ದುಡಿಯುವವನಿಗೆ ಯಾವ ಉಪಚಾರವಿದೆಯೆಂಬುದು ನಿಮಗೆ ಗೊತ್ತಿದೆ. ಗಿಡದ ನಡುವೆ ನಿಂತು ದುಡಿಯುವವಳಿಗೆ ಏನಿದೆಯೆಂಬುದನ್ನು ಮುಂದೆ ಹೇಳುತ್ತೇನೆ.

ಈ ಜನವರಿಯಲ್ಲಿ ಪಕ್ಷದ ಕೆಲಸಕ್ಕಾಗಿ ಬೆಂಗಳೂರಿಗೆ ಹೋಗಿದ್ದೆ. ನಮ್ಮ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಇಲ್ಲಿಂದ ಹೊರಟವರ ಮಕ್ಕಳು ಅಲ್ಲಿ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುತ್ತಾ, ಬಿ.ಟಿ.ಎಂ. ಬಡಾವಣೆಯ ಒಂದೊಂದು ಕೋಣೆಯಲ್ಲಿ ನಾಲ್ಕು ನಾಲ್ಕು ಮಂದಿ ಇದ್ದಾರೆ. ಬಿ.ಟಿ.ಎಂ. ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಹಳ್ಳಿಗಳನ್ನು ನುಂಗಿದ ನಗರ ಅವುಗಳ ಮೊದಲಕ್ಷರಗಳನ್ನಷ್ಟೇ ಉಗುಳಿದೆ. ನನ್ನ ಹಳೆಯ ಶಿಷ್ಯನೊಬ್ಬನ ಕೋಣೆಯಲ್ಲಿ ಇಳಿದುಕೊಂಡಿದ್ದೆ. ಭಾನುವಾರ ಅವನೇ, "ಮೇಷ್ಟ್ರೇ, ಹೂವಿನ ಪ್ರದರ್ಶನ ನಡೀತಿದೆ, ನೋಡ್ಕೊಂಡು ಬರೋಣ ಬನ್ನಿ" ಎಂದು ಜಯನಗರದ ಪಕ್ಕದ ಲಾಲ್‌ಬಾಗಿಗೆ ಕರೆದೊಯ್ದ.

ಲಾಲ್‌ಬಾಗಿನ ಗಾಜಿನ ಮನೆಯನ್ನು ನೋಡದ ಕನ್ನಡಿಗರು ಕಡಿಮೆ. 1889ರ ನವೆಂಬರ್ 30ರಂದು ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಅದಕ್ಕೆ ಅಡಿಗಲ್ಲು ಹಾಕಿದ. ತೋಟದ ಮೇಲ್ವಿಚಾರಕ ಜಾನ್ ಕ್ಯಾಮರಾನ್ ಕಟ್ಟಿಸಿದ. ಕಬ್ಬಿಣ ಬಂದದ್ದು ಗ್ಲಾಸ್ಗೋ ಪಟ್ಟಣದಿಂದ, ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನದು. ಇದೇ ಗಾಜಿನ ಮನೆಯಲ್ಲಿ 1969ರ ಜುಲೈನಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸೇರಿತು. ಇಂದಿರಾ ಗಾಂಧಿಯವರು ಬ್ಯಾಂಕು ರಾಷ್ಟ್ರೀಕರಣದ ಟಿಪ್ಪಣಿಯನ್ನು ಅಲ್ಲಿಗೆ ಕಳಿಸಿದರು. ಅದೇ ತಿಂಗಳ 19ರಂದು 14 ಬ್ಯಾಂಕುಗಳು ಸರ್ಕಾರದ ವಶವಾದವು. ಬಡವನಿಗೂ ಸಾಲ ಸಿಗುತ್ತದೆ ಎಂಬ ಆಶ್ವಾಸನೆ ಆ ಗಾಜಿನ ಮಾಡಿನ ಕೆಳಗಿನಿಂದ ಹೊರಟದ್ದು. ಅದು ಎಲ್ಲಿಗೆ ಹೋಗಿ ಮುಟ್ಟಿತೆಂಬುದೂ ಈ ಕಥೆಯ ಒಂದು ಭಾಗವೇ.

ಗಾಜಿನ ಮನೆಯ ವಂಶಾವಳಿ ಸ್ವಾರಸ್ಯವಾದುದು. ಇಂಗ್ಲೆಂಡಿನಲ್ಲಿ 1696ರಿಂದ ಕಿಟಕಿಗೆ ತೆರಿಗೆಯಿತ್ತು. ಮನೆಗೆ ಕಿಟಕಿ ಹೆಚ್ಚಿದಷ್ಟೂ ತೆರಿಗೆ ಹೆಚ್ಚು. ಬಡವರು ಕಿಟಕಿಗೆ ಇಟ್ಟಿಗೆ ಮುಚ್ಚಿ ಕತ್ತಲಲ್ಲಿ ಕೂತರು. ಗಾಜಿಗೂ ಬೇರೆ ಸುಂಕವಿತ್ತು. ಅದನ್ನು ತೆಗೆದದ್ದು 1845ರಲ್ಲಿ. ಗಾಜು ಅಗ್ಗವಾದ ಕೂಡಲೇ, 1851ರಲ್ಲಿ, ಜೋಸೆಫ್ ಪ್ಯಾಕ್ಸ್‌ಟನ್ ಎಂಬ ತೋಟಗಾರ ಸುಮಾರು ಮೂರು ಲಕ್ಷ ಗಾಜಿನ ಹಲಗೆಗಳ ಕ್ರಿಸ್ಟಲ್ ಪ್ಯಾಲೇಸ್ ಎಬ್ಬಿಸಿದ. ಕಿಟಕಿ ತೆರಿಗೆ ರದ್ದಾದದ್ದೂ ಅದೇ ವರ್ಷ. ಸೂರ್ಯನ ಬೆಳಕಿಗೂ ಕಂದಾಯ ಕಟ್ಟಬೇಕಾಗಿದ್ದ ಕಾಲ ಒಂದಿತ್ತು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಆ ಕಾಲ ಪೂರ್ತಿ ಮುಗಿದಿದೆ ಎಂದು ನನಗನ್ನಿಸುವುದಿಲ್ಲ.

ಅದೇ ಪ್ಯಾಕ್ಸ್‌ಟನ್ ಅದಕ್ಕೂ ಮೊದಲು ಚಾಟ್ಸ್‌ವರ್ತ್ ಎಂಬಲ್ಲಿ ಒಬ್ಬ ಡ್ಯೂಕನಿಗಾಗಿ ದೊಡ್ಡ ಹಸಿರುಮನೆ ಕಟ್ಟಿದ್ದ. ಬಿಸಿನಾಡಿನ ಗಿಡಗಳನ್ನು ಚಳಿನಾಡಿನಲ್ಲಿ ಬೆಳೆಸುವ ಶೋಕಿ. ಅದಕ್ಕೆ ಕಲ್ಲಿದ್ದಲಿನ ಕುಲುಮೆಗಳು, ಕುಲುಮೆಗೆ ಹಗಲೂ ರಾತ್ರಿ ಆಳುಗಳು. ಮೊದಲನೆಯ ಮಹಾಯುದ್ಧ ಬಂತು, ಕಲ್ಲಿದ್ದಲು ಸಿಗಲಿಲ್ಲ, ಗಿಡಗಳೆಲ್ಲ ಸತ್ತವು. 1920ರಲ್ಲಿ ಆ ಮನೆಯನ್ನೇ ಕೆಡವಿದರು. ನೂರು ವರ್ಷ ಕಳೆದು 2022ರಲ್ಲಿ ಯುಕ್ರೇನ್ ಯುದ್ಧ ಬಂದಾಗ ಹಾಲೆಂಡಿನಲ್ಲಿಯೂ ಇದೇ ಕಥೆ. ಅಲ್ಲಿನ ಹಸಿರುಮನೆಗಳು ನಡೆಯುತ್ತಿದ್ದುದು ಭೂಮಿಯೊಳಗಿನ ಗ್ಯಾಸಿನಿಂದ. ಗ್ಯಾಸಿನ ಬೆಲೆ ಏರಿತು, ಎಷ್ಟೋ ಬೆಳೆಗಾರರು ದೀಪ ಆರಿಸಿದರು, ಕೆಲವರು ಆ ಚಳಿಗಾಲ ಬೆಳೆಯನ್ನೇ ಇಡಲಿಲ್ಲ. ಪರರ ಇಂಧನದ ಮೇಲೆ ನಿಂತ ಮನೆ ಎಷ್ಟು ದೊಡ್ಡದಾದರೇನು?

ಲಾಲ್‌ಬಾಗಿನ ಮನೆಗೆ ಕುಲುಮೆಯಿಲ್ಲ, ಬಿಸಿನೀರಿನ ಕೊಳವೆಯಿಲ್ಲ. ಏಕೆಂದರೆ ಅದು ನಿಂತಿರುವುದು ಬೆಂಗಳೂರಿನಲ್ಲಿ. ಇಷ್ಟು ಸರಳವಾದ ಮಾತು ನಮ್ಮ ಯೋಜನೆ ಬರೆಯುವವರಿಗೆ ಹೊಳೆಯಲಿಲ್ಲವೆಂಬುದೇ ನನ್ನ ತಕರಾರು. ಹಾಲೆಂಡಿನಲ್ಲಿ ಡಿಸೆಂಬರಿನ ಹಗಲು ಎಂಟು ಗಂಟೆಗೂ ಕಡಿಮೆ. ಅಲ್ಲಿ ಹಸಿರುಮನೆಯ ಕೆಲಸ ಶಾಖವನ್ನು ಹಿಡಿದಿಡುವುದು, ಇಲ್ಲದ ಬೆಳಕನ್ನು ತುಂಬುವುದು. ಬೆಂಗಳೂರಿನಲ್ಲಿ ಅದೇ ಡಿಸೆಂಬರಿನ ಹಗಲು ಸುಮಾರು ಹನ್ನೊಂದೂವರೆ ಗಂಟೆ, ಜೂನಿನ ಹಗಲು ಹದಿಮೂರಕ್ಕೆ ಸಮೀಪ. ನಮಗೆ ಬೆಳಕು ಕಡಿಮೆಯಲ್ಲ. ನಮಗೆ ಬೇಕಾದದ್ದು ಮಧ್ಯಾಹ್ನದ ಉರಿಬಿಸಿಲಿಗೆ ನೆರಳಿನ ಪರದೆ, ಮಳೆಗೆ ಮಾಡು, ಕೀಟಕ್ಕೆ ಬಲೆ, ಬಿಸಿಗಾಳಿ ಹೊರಹೋಗಲು ನೆತ್ತಿಯಲ್ಲೊಂದು ಕಿಂಡಿ. ಬಿಸಿಗಾಳಿ ಮೇಲೇರುತ್ತದೆ, ಕಿಂಡಿಯಿಂದ ಹೊರಹೋಗುತ್ತದೆ, ಬದಿಯ ಪರದೆ ಸುತ್ತಿದರೆ ತಂಪುಗಾಳಿ ಒಳಬರುತ್ತದೆ. ಇದಕ್ಕೆ ಒಂದು ಯೂನಿಟ್ ವಿದ್ಯುತ್ತೂ ಬೇಡ. ನಮ್ಮ ಅಜ್ಜಿಯರ ಅಡಿಗೆಮನೆಯ ಬೆಳಕಿಂಡಿಗೆ ಗೊತ್ತಿದ್ದ ವಿದ್ಯೆ! ಹೊದಿಕೆಯ ಮೇಲಿನ ಧೂಳನ್ನು ಕಾಲಕಾಲಕ್ಕೆ ತೊಳೆದರೆ ಒಳಗಿನ ಬೆಳಕು ಎಷ್ಟೋ ಹೆಚ್ಚುತ್ತದೆ. ಅದಕ್ಕೂ ಬೇಕಾದದ್ದು ನೀರು ಮತ್ತು ಇಬ್ಬರು ಆಳು.

ಇದಕ್ಕೆ ಬದಲಾಗಿ ಹುರುಪಿನಿಂದ ಮಾರಿದ್ದೇನು? ಒಂದು ಗೋಡೆಗೆ ನೀರಿಳಿಯುವ ಹಾಳೆ, ಎದುರು ಗೋಡೆಗೆ ದೊಡ್ಡ ಬೀಸಣಿಗೆಗಳು, ಅವು ನಿಂತರೆ ಅರ್ಧ ದಿನದಲ್ಲಿ ಗಿಡ ಬಾಡುತ್ತದೆ. ಬೀಸಣಿಗೆ ನಿಲ್ಲಬಾರದೆಂದರೆ ಡೀಸೆಲ್ ಜನರೇಟರು. ಹಳ್ಳಿಯ ಪಂಪಿನ ಮಾರ್ಗಕ್ಕೆ ದಿನಕ್ಕೆ ಏಳು ಗಂಟೆ ಮೂರು ಫೇಸ್ ಕೊಡುತ್ತೇವೆಂಬುದು ಸರ್ಕಾರದ ಮಾತು. 2023ರ ಬರಗಾಲದಲ್ಲಿ ಅದು ಐದು ಗಂಟೆಗಿಳಿದದ್ದೂ ಉಂಟು. ಏಳು ಗಂಟೆಯ ವಿದ್ಯುತ್ತಿನ ಊರಿಗೆ ಇಪ್ಪತ್ನಾಲ್ಕು ಗಂಟೆಯ ಯಂತ್ರ ಮಾರಿದವನು ಬುದ್ಧಿವಂತ. ಅದಕ್ಕೆ ಮೊಹರು ಒತ್ತಿದ ಅಧಿಕಾರಿಗೆ ಏನೆನ್ನಬೇಕೆಂಬುದನ್ನು ಓದುಗರಿಗೇ ಬಿಡುತ್ತೇನೆ.

ಇನ್ನೊಂದು ಮಾತು, ವಿಷಯಕ್ಕೆ ಸ್ವಲ್ಪ ಹೊರಗಿನದಾದರೂ ಹೇಳಿಬಿಡುತ್ತೇನೆ. ಬೆಂಗಳೂರಿನ ದಕ್ಷಿಣಕ್ಕೆ ಹೊರಟರೆ, ಜೆ.ಪಿ. ನಗರ ದಾಟಿ ಬನ್ನೇರುಘಟ್ಟ ರಸ್ತೆಯ ಉದ್ದಕ್ಕೂ ಗಾಜಿನ ಗೋಡೆಯ ಕಚೇರಿಗಳು. ಬಿಸಿಲನ್ನು ಗಾಜಿನಿಂದ ಒಳಗೆ ಕರೆದು, ಶಾಖವನ್ನು ಒಳಗೇ ಕೂಡಿಹಾಕಿ, ಆಮೇಲೆ ಏರ್ ಕಂಡಿಷನ್ ಹಾಕಿ ಅದನ್ನು ಹೊರಗಟ್ಟುತ್ತಾರೆ. ಮನುಷ್ಯರಿಗಾಗಿ ಹಸಿರುಮನೆ ಕಟ್ಟಿಕೊಂಡು ಅದರೊಳಗೆ ಹಗಲಲ್ಲೂ ದೀಪ ಉರಿಸಿಕೊಂಡು ಕೂತ ಊರು ಬೇರೆಲ್ಲಿದೆಯೋ ಕಾಣೆ. ಆ ಬಡಾವಣೆಗಿಟ್ಟಿರುವುದು ಜಯಪ್ರಕಾಶ ನಾರಾಯಣರ ಹೆಸರು. ಸರ್ವೋದಯಕ್ಕಾಗಿ ಜೀವನವನ್ನೇ ದಾನ ಕೊಟ್ಟವರ ಹೆಸರಿನಲ್ಲಿ ಈ ಅಪವ್ಯಯ!

ಈಗ ಸೇವಂತಿಗೆಯ ವಿಷಯಕ್ಕೆ ಬರುತ್ತೇನೆ. ಮಾರನೆಯ ದಿನ ಬೆಳಗ್ಗೆ ಬನಶಂಕರಿ ದೇವಸ್ಥಾನದ ಬಳಿ ಹೂ ಮಾರುವ ತಾಯಿಯೊಬ್ಬರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ನಸುಕಿನಲ್ಲೇ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ ಹೂ ತಂದು, ಕಟ್ಟಿ, ಮೊಳ ಮಾರುಗಳ ಲೆಕ್ಕದಲ್ಲಿ ಮಾರುತ್ತಾರೆ. ಹಳದಿ ಸೇವಂತಿಗೆ ಬುಟ್ಟಿಯ ತುಂಬ ಇತ್ತು. "ಈಗೆಲ್ಲ ವರ್ಷಪೂರ್ತಿ ಬರುತ್ತಲ್ಲಮ್ಮ?" ಎಂದೆ. "ಬರುತ್ತೆ ಸ್ವಾಮಿ, ಅದಕ್ಕೂ ರಾತ್ರಿಯೆಲ್ಲ ಲೈಟ್ ಹಾಕಿ ನಿದ್ದೆ ಕೆಡಿಸ್ತಾರಂತೆ" ಎಂದರು. ಅವರು ನಗುತ್ತಾ ಹೇಳಿದ ಮಾತು ಅಕ್ಷರಶಃ ಸತ್ಯ.

ಸೇವಂತಿಗೆ ಹಗಲನ್ನಲ್ಲ, ರಾತ್ರಿಯನ್ನು ಅಳೆಯುವ ಗಿಡ. ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು ಹೊಗೆಸೊಪ್ಪಿನ ಗಿಡಗಳನ್ನಿಟ್ಟುಕೊಂಡು ಪರೀಕ್ಷೆ ಮಾಡಿ, ಹಗಲಿನ ಉದ್ದವೇ ಹೂ ಬಿಡುವ ಕಾಲವನ್ನು ಗೊತ್ತುಮಾಡುತ್ತದೆ ಎಂದು 1920ರಲ್ಲಿ ಪ್ರಕಟಿಸಿದರು. ರಾತ್ರಿ ಸಾಕಷ್ಟು ಉದ್ದವಾದರೆ ಸೇವಂತಿಗೆ ಮೊಗ್ಗಿಗೆ ಹೊರಡುತ್ತದೆ. ನಮ್ಮ ಸೀಮೆಯಲ್ಲಿ ಹಗಲು ಎಂದೂ ಹದಿಮೂರು ಗಂಟೆ ದಾಟುವುದಿಲ್ಲವಾದ್ದರಿಂದ ಎಷ್ಟೋ ತಳಿಗಳು ಗೇಣುದ್ದ ಇರುವಾಗಲೇ ಮೊಗ್ಗು ಹಿಡಿದುಬಿಡುತ್ತವೆ. ಕಾಂಡ ಬೆಳೆಯುವುದಿಲ್ಲ, ಹೂ ಕಡಿಮೆ. ಹಾಗಾಗದಿರಲು ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ಸಾಲು ಸಾಲಾಗಿ ಬಲ್ಬು ಕಟ್ಟಿ ನಡುರಾತ್ರಿ ಕೆಲವು ಗಂಟೆ ಉರಿಸುತ್ತಾರೆ. ರಾತ್ರಿ ಎರಡು ತುಂಡಾಗುತ್ತದೆ. ಗಿಡ ಮೋಸಹೋಗಿ ಇನ್ನೂ ಬೆಳೆಯುವ ಕಾಲವೆಂದೇ ತಿಳಿಯುತ್ತದೆ. ಬೇಕಾದಷ್ಟು ಎತ್ತರವಾದ ಮೇಲೆ ದೀಪ ನಿಲ್ಲಿಸಿದರೆ ಮೊಗ್ಗು. ಯಾವ ಹಬ್ಬಕ್ಕೆ ಬೇಕೋ ಆ ಹಬ್ಬಕ್ಕೆ ಹೂ.

ವಿದ್ಯೆ ಸುಂದರವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಿರಣಿಯವರಿಗೆ ಈ ದೀಪದ ಕಥೆ ಹೊಸದಲ್ಲ. ಮುಂಬಯಿಯ ಗಿರಣಿಗಳಿಗೆ ವಿದ್ಯುದ್ದೀಪ ಬಂದಾಗ, 1905ರ ಸುಮಾರಿಗೆ, ದುಡಿಮೆಯ ದಿನ ಹದಿನಾಲ್ಕು ಹದಿನೈದು ಗಂಟೆಗೆ ಏರಿತು. ಸೂರ್ಯ ಮುಳುಗಿದರೂ ಕೆಲಸಗಾರನಿಗೆ ಸಂಜೆಯಾಗಲಿಲ್ಲ. ಮುಷ್ಕರಗಳಾದವು. 1911ರ ಕಾಯಿದೆ ಬಂದು ಜವಳಿ ಗಿರಣಿಯ ಗಂಡಾಳಿಗೆ ದಿನಕ್ಕೆ ಹನ್ನೆರಡು ಗಂಟೆಯ ಮಿತಿ ಹಾಕಿತು. ಮುಂದಿನ ಹೋರಾಟಗಳಿಂದ ಅದು ಎಂಟು ಗಂಟೆಗೆ ಇಳಿಯಿತು. 2023ರಲ್ಲಿ ನಮ್ಮ ಕರ್ನಾಟಕದ ವಿಧಾನಮಂಡಲವೇ ಕಾಯಿದೆ ತಿದ್ದಿ ದಿನಕ್ಕೆ ಹನ್ನೆರಡು ಗಂಟೆಯವರೆಗೆ ದುಡಿಸಲು ದಾರಿ ಮಾಡಿಕೊಟ್ಟಿತು. ಹೂವಿನ ಗಿಡಕ್ಕೆ ಎಷ್ಟು ರಾತ್ರಿ ನಿದ್ದೆ ಕೆಡಿಸಿದರೆ ಲಾಭ, ಎಂದು ನಿಲ್ಲಿಸಬೇಕು ಎಂಬುದನ್ನು ಬೆಳೆಗಾರ ಅಳೆದು ಮಾಡುತ್ತಾನೆ. ಮನುಷ್ಯನ ವಿಷಯದಲ್ಲಿ ಅಷ್ಟೂ ಅಳತೆಯಿಲ್ಲ.

ದೀಪದ ಖರ್ಚನ್ನು ಎಣಿಸಿ ನೋಡೋಣ. ಒಂದು ಎಕರೆಗೆ 500 ಬಲ್ಬು ಎಂದಿಟ್ಟುಕೊಳ್ಳಿ, ದಿನಕ್ಕೆ ನಾಲ್ಕು ಗಂಟೆ. ಹಳೆಯ ಕಾಲದ 60 ವ್ಯಾಟಿನ ತಂತಿ ಬಲ್ಬಾದರೆ ರಾತ್ರಿಗೆ 120 ಯೂನಿಟ್. 9 ವ್ಯಾಟಿನ ಎಲ್‌ಇಡಿಯಾದರೆ 18 ಯೂನಿಟ್. ತಿಂಗಳಿಗೆ 3600 ಎಲ್ಲಿ, 540 ಎಲ್ಲಿ! ಇದರಲ್ಲಿ ಯಾವ ದೊಡ್ಡ ಯಂತ್ರವೂ ಇಲ್ಲ. ಹಗಲು ಸೂರ್ಯಫಲಕದಿಂದ ಬ್ಯಾಟರಿ ತುಂಬಿಸಿ ರಾತ್ರಿ ಉರಿಸಬಹುದಾದಷ್ಟು ಚಿಕ್ಕ ಲೆಕ್ಕ. ಫಲಕವನ್ನು ಗಿಡದ ನೆತ್ತಿಯ ಮೇಲೆ ಹಾಸಿದರೆ ಗಿಡದ ಬೆಳಕನ್ನೇ ಕದ್ದಂತೆ. ಪಂಪಿನ ಮನೆಯ ಮೇಲೆ, ಹೂ ಕಟ್ಟುವ ಶೆಡ್ಡಿನ ಮೇಲೆ ಹಾಕಬೇಕು. ಇಲ್ಲಿಯವರೆಗೆ ಎಲ್ಲವೂ ಸುಲಭ. ತೊಡಕಿರುವುದು ಬಲ್ಬು ಕೊಳ್ಳಲು, ಫಲಕ ಕೊಳ್ಳಲು, ಮನೆ ಕಟ್ಟಲು ಹಣ ಯಾರ ಕೈಯಲ್ಲಿದೆ ಎಂಬಲ್ಲಿ.

ಇಲ್ಲಿ ಸಹಾಯಧನದ ಕಥೆ ಬರುತ್ತದೆ. ಕೇಂದ್ರದ ತೋಟಗಾರಿಕೆ ಮಿಷನ್ನಿನ 2014ರ ಮಾರ್ಗಸೂಚಿ ಪ್ರಕಾರ ಹಸಿರುಮನೆಗೆ ವೆಚ್ಚದ ಅರ್ಧ ಸಹಾಯಧನವಿತ್ತು, ಒಬ್ಬರಿಗೆ 4000 ಚದರ ಮೀಟರಿನವರೆಗೆ. ಗಾಳಿ ತಾನಾಗಿ ಆಡುವ ಕೊಳವೆ ಕಂಬದ ಮನೆಗೆ ಆ ದೊಡ್ಡ ಅಳತೆಯಲ್ಲಿ ಚದರ ಮೀಟರಿಗೆ 844 ರೂಪಾಯಿ ಎಂದು ಲೆಕ್ಕ ಹಿಡಿದಿದ್ದರು. ಎಂದರೆ ಎಕರೆಗೆ ಸುಮಾರು 33 ಲಕ್ಷ 76 ಸಾವಿರ. ಅದರಲ್ಲಿ 16 ಲಕ್ಷ 88 ಸಾವಿರ ಸಾರ್ವಜನಿಕ ಹಣ. ಆದರೆ ಆ ಹಣ ಕೈಗೆ ಬರುವುದು ಸಾಮಾನ್ಯವಾಗಿ ಮನೆ ಎದ್ದು ನಿಂತು, ಸಾಹೇಬರು ಬಂದು ಅಳೆದು, ಕಾಗದ ಮೇಲೆ ಹೋಗಿ ಕೆಳಗೆ ಬಂದ ಮೇಲೆ. ಅಲ್ಲಿಯವರೆಗೆ ಪೂರ್ತಿ 33 ಲಕ್ಷವನ್ನು ತಾನೇ ಹೂಡಬಲ್ಲವನು ಯಾರು? ಎರಡೆಕರೆಯವನೇ? ಬ್ಯಾಂಕಿಗೆ ಹೋದರೆ ಜಾಮೀನು ಕೇಳುತ್ತಾರೆ. ಗಾಜಿನ ಮನೆಯ ಕೆಳಗೆ ರಾಷ್ಟ್ರೀಕರಣದ ಮಾತು ಹುಟ್ಟಿ ಅರ್ಧ ಶತಮಾನ ಮೀರಿದರೂ ಬಡವನ ಜಮೀನಿನ ಪಹಣಿ ಮಾತ್ರ ಬ್ಯಾಂಕಿನ ಕಪಾಟಿನಲ್ಲೇ ಇದೆ. ಹೀಗಾಗಿ ಅರ್ಧ ಬೆಲೆಗೆ ಹಸಿರುಮನೆ ಪಡೆಯುವ ಹಕ್ಕು, ಪೂರ್ತಿ ಬೆಲೆ ಮುಂಗಡ ಕೊಡಬಲ್ಲವನ ಹಕ್ಕಾಯಿತು. ಕಿಟಕಿ ತೆರಿಗೆ ಹೋಗಿಲ್ಲವೆಂದು ನಾನು ಅಂದದ್ದು ಇದಕ್ಕೇ.

ಸಾಹಸ ಮಾಡಿ ಸಾಲ ತಂದು ಕಟ್ಟಿದ ಸಣ್ಣವನ ಪಾಡೇನು? ಹೊದಿಕೆಯ ಪಾಲಿಥೀನ್ ಕೆಲವೇ ವರ್ಷದಲ್ಲಿ ಬಿಸಿಲಿಗೆ ಸೋತು ಮಬ್ಬಾಗುತ್ತದೆ. ಮಬ್ಬಾದರೆ ಬೆಳಕು ಕಡಿಮೆ, ಬೆಳಕು ಕಡಿಮೆಯಾದರೆ ಇಳುವರಿ ಕಡಿಮೆ. ಒಂದು ಬಿರುಗಾಳಿಗೆ ಹರಿದುಹೋದರೆ ಅದೂ ಇಲ್ಲ. ಹೊಸ ಹೊದಿಕೆಗೆ ಮತ್ತೆ ಸಾಲ. 2020ರ ವಸಂತದಲ್ಲಿ ಕೊರೋನಾ ಬಂದು ದೇವಸ್ಥಾನ ಮುಚ್ಚಿ, ಮದುವೆ ನಿಂತಾಗ, ಅರಳಿದ ಹೂವನ್ನು ಕಿತ್ತು ತಿಪ್ಪೆಗೆ ಹಾಕಿದರು. ಸರ್ಕಾರ ಪರಿಹಾರ ಸಾರಿತು: ಹೆಕ್ಟೇರಿಗೆ 25,000 ರೂಪಾಯಿ, ಅದೂ ಒಂದು ಹೆಕ್ಟೇರಿಗೆ ಮಾತ್ರ. ಎಕರೆಗೆ ಹತ್ತು ಸಾವಿರವಾಯಿತು. 33 ಲಕ್ಷ ಹೂಡು ಎಂದು ಬೆನ್ನು ತಟ್ಟಿದ ಕೈಯೇ ಬಿದ್ದಾಗ ಹತ್ತು ಸಾವಿರ ಕೊಟ್ಟಿತು. ಲೋಹಿಯಾ 1963ರಲ್ಲಿ ಲೋಕಸಭೆಯಲ್ಲಿ ಎದ್ದುನಿಂತು, ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ, ಪ್ರಧಾನಿಯ ಮೇಲೆ ದಿನಕ್ಕೆ 25,000 ರೂಪಾಯಿ ಖರ್ಚಾಗುತ್ತಿದೆ ಎಂದು ಲೆಕ್ಕ ಮುಂದಿಟ್ಟರು. ನಮ್ಮಲ್ಲಿಯೂ ಒಬ್ಬರು ಎದ್ದು ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಕೇಳಬೇಕು.

ದೊಡ್ಡ ಬಂಡವಾಳಕ್ಕೆ ಈ ತಾಪತ್ರಯವಿಲ್ಲ, ಅದಕ್ಕೆ ಕಾಲಿದೆ. ಬೆಂಗಳೂರಿನದೇ ಆದ ಕರುತುರಿ ಕಂಪನಿ ಗುಲಾಬಿ ಬೆಳೆಯುತ್ತಾ ಬೆಳೆಯುತ್ತಾ ಆಫ್ರಿಕಕ್ಕೆ ಹೋಯಿತು. ಅಲ್ಲಿ ಭೂಮಧ್ಯರೇಖೆಯ ಎತ್ತರದ ನಾಡು, ವರ್ಷವಿಡೀ ಹನ್ನೆರಡು ಗಂಟೆಯ ಹಗಲು, ತಂಪು ಹವೆ, ಅಗ್ಗದ ಕೂಲಿ. ಗುಲಾಬಿ ಸಾಲದೆಂದು ಇಥಿಯೋಪಿಯದ ಗಂಬೆಲ್ಲಾದಲ್ಲಿ ಆಹಾರ ಬೆಳೆಗೆಂದು ಲಕ್ಷ ಹೆಕ್ಟೇರಿನ ಗುತ್ತಿಗೆಯನ್ನೂ ಹಿಡಿಯಿತು. ಆಗ ಪತ್ರಿಕೆಗಳು ಕೊಂಡಾಡಿದ್ದೇ ಕೊಂಡಾಡಿದ್ದು. 2014ರಲ್ಲಿ ಕೀನ್ಯಾದ ನೈವಾಶಾ ಸರೋವರದ ದಂಡೆಯ ಅದರ ಗುಲಾಬಿ ತೋಟ ಸಾಲಗಾರರ ರಿಸೀವರನ ಕೈಗೆ ಹೋಯಿತು. 2015ರ ಕೊನೆಗೆ ಇಥಿಯೋಪಿಯ ಸರ್ಕಾರ ಗುತ್ತಿಗೆಯನ್ನೇ ರದ್ದುಮಾಡಿತು. ಬೆಳಕೂ ಕೂಲಿಯೂ ಅಗ್ಗವಾದ ಕಡೆಗೆ ಬಂಡವಾಳ ಹಾರುತ್ತದೆ. ಅದು ಮುಗ್ಗರಿಸಿದಾಗ ಕೆಲಸಗಾರ ಮಾತ್ರ ಹಾರಲಾರದೆ ಅಲ್ಲೇ ಉಳಿಯುತ್ತಾನೆ.

ಪಾವಗಡದಲ್ಲಿ ನಡೆದದ್ದೂ ಬೆಳಕಿನ ವ್ಯಾಪಾರವೇ. 2050 ಮೆಗಾವ್ಯಾಟಿನ ಸೌರ ಪಾರ್ಕಿಗೆ ಸುಮಾರು 13,000 ಎಕರೆ ಗುತ್ತಿಗೆಗೆ ಹೋಯಿತು. ಭೂಮಿ ಇದ್ದವನಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭ. ಅದೇ ಭೂಮಿಯಲ್ಲಿ ಕೂಲಿ ಮಾಡುತ್ತಿದ್ದವನಿಗೆ ಗುತ್ತಿಗೆ ಹಣವಿಲ್ಲ, ಏಕೆಂದರೆ ಬಿಸಿಲು ಬಿದ್ದದ್ದು ಅವನ ಬೆನ್ನ ಮೇಲಾದರೂ ಪಹಣಿಯಲ್ಲಿ ಬೆನ್ನಿಗೆ ಕಾಲಮ್ಮಿಲ್ಲ.

ಈಗ ಆ ಹೆಣ್ಣುಮಕ್ಕಳ ವಿಷಯ. ಬೆಂಗಳೂರಿನ ದಕ್ಷಿಣಕ್ಕೆ ಆನೇಕಲ್ಲು, ಗಡಿ ದಾಟಿ ಹೊಸೂರಿನವರೆಗೂ ಗುಲಾಬಿಯ ಹಸಿರುಮನೆಗಳಿವೆ. ಅವುಗಳೊಳಗೆ ಕೀಳುವವರು, ಮೊಗ್ಗು ಚಿವುಟುವವರು ಹೆಚ್ಚಾಗಿ ಹೆಂಗಸರು. ಏಪ್ರಿಲ್ಲಿನ ಮಧ್ಯಾಹ್ನ ಆ ಹೊದಿಕೆಯ ಕೆಳಗೆ ಕಾಲಿಟ್ಟರೆ ನೂಲುವ ವಿಭಾಗದ ಸೆಕೆ ನಿಮಗೆ ನೆನಪಾಗುತ್ತದೆ. ಮುಚ್ಚಿದ ಮನೆಯೊಳಗೆ ಔಷಧ ಸಿಂಪಡಿಸಿದ್ದು ಗಾಳಿಗೆ ಹಾರಿಹೋಗುವುದೂ ಇಲ್ಲ. ಗಿರಣಿಯವರಿಗಾದರೆ 1948ರ ಕಾರ್ಖಾನೆ ಕಾಯಿದೆಯಿತ್ತು. ಅದರ 13ನೆಯ ಕಲಮು ಗಾಳಿ ಮತ್ತು ಶಾಖಕ್ಕೆ, 15ನೆಯದು ಕೃತಕ ತೇವಕ್ಕೆ, 17ನೆಯದು ಬೆಳಕಿಗೆ. ಪಾಲಿಸಿದರೋ ಬಿಟ್ಟರೋ, ತೋರಿಸಿ ಜಗಳ ಕಾಯಲು ಒಂದು ಕಾಗದವಿತ್ತು. 2025ರ ನವೆಂಬರ್ 21ರಿಂದ ಅದನ್ನೂ ಮಡಿಚಿ ಹೊಸ ಸಂಹಿತೆಯೊಳಗೆ ಹಾಕಿದ್ದಾರೆ. ಹಸಿರುಮನೆಯ ಹೆಣ್ಣಿಗೆ ಹಳೆಯ ಕಾಯಿದೆಯಲ್ಲಿಯೂ ಜಾಗವಿರಲಿಲ್ಲ. ಅವಳದು ಕಾರ್ಖಾನೆಯಲ್ಲ, ಬೇಸಾಯ! ಶಾಖ ಅಳೆಯುವ ಯಂತ್ರ ಒಳಗೆ ನೇತಾಡುತ್ತಿರುತ್ತದೆ, ಗಿಡಕ್ಕಾಗಿ. ಅದರಲ್ಲಿ ಪಾದರಸ ಎಷ್ಟೇರಿದರೆ ಅವಳು ಹೊರಗೆ ಬಂದು ನೆರಳಲ್ಲಿ ಕೂರಬಹುದು ಎಂದು ಬರೆದಿಲ್ಲ.

ಸೋಷಲಿಸ್ಟರು ಯಂತ್ರದ ಶತ್ರುಗಳು ಎಂದು ಹೇಳಿ ಈ ಪ್ರಶ್ನೆಗಳನ್ನು ತಳ್ಳಿಹಾಕುವ ಚಾಳಿಯಿದೆ. ನಾವು ಹಸಿರುಮನೆ ಬೇಡವೆನ್ನುವುದಿಲ್ಲ. ಅದರಲ್ಲಿ ನೀರು ಉಳಿಯುತ್ತದೆ, ಎಕರೆಗೆ ಇಳುವರಿ ಹೆಚ್ಚುತ್ತದೆ, ಮಳೆಯಿಂದ ಬೆಳೆ ಕೆಡುವುದು ತಪ್ಪುತ್ತದೆ. ಇದನ್ನು ನಿರಾಕರಿಸುವವನು ಹೊಲ ನೋಡಿದವನಲ್ಲ. ನಾವು ಕೇಳುವುದು ಬೇರೆ. ಲಾಲ್‌ಬಾಗಿನ ಆವರಣದಲ್ಲಿಯೇ ಅದಕ್ಕೆ ಉತ್ತರವಿದೆ. ಗಾಜಿನ ಮನೆಯಿಂದ ಹೊರಬಂದು ನಡೆದರೆ ಹಾಪ್‌ಕಾಮ್ಸ್ ಕಚೇರಿ. ತೋಟಗಾರಿಕೆಯ ಡಾ. ಎಂ.ಎಚ್. ಮರಿಗೌಡರ ಪ್ರೇರಣೆಯಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ್ದು. ಬೆಳೆದವನಿಗೂ ತಿನ್ನುವವನಿಗೂ ನಡುವೆ ದಳ್ಳಾಳಿಯಿಲ್ಲದ ಅಂಗಡಿ; ಜಯನಗರದ ಮಧ್ಯಮ ವರ್ಗ ಒಂದು ತಲೆಮಾರು ತರಕಾರಿ ತಿಂದದ್ದು ಆ ಮಳಿಗೆಗಳಿಂದ. ಇಂದು ಅದರ ಹಲವು ಮಳಿಗೆಗಳು ಮುಚ್ಚಿವೆ. ಮೊಬೈಲಿನಲ್ಲಿ ತರಕಾರಿ ಮಾರುವ ಕಂಪನಿಗಳ ಮುಂದೆ ಅದನ್ನು ಒಂಟಿಯಾಗಿ ಬಿಟ್ಟಿದ್ದಾರೆ.

ಒಬ್ಬ ಉಳ್ಳವನ 4000 ಚದರ ಮೀಟರಿಗೆ ಹೋಗುತ್ತಿದ್ದ ಹಣವನ್ನು, ಎಂಟು ಮಂದಿ ಸಣ್ಣ ಬೆಳೆಗಾರರು ಕೂಡಿದ ಒಂದು ಸಹಕಾರ ಸಂಘಕ್ಕೆ ಐನೂರು ಐನೂರು ಚದರ ಮೀಟರಿನಂತೆ ಏಕೆ ಕೊಡಬಾರದು? ಹಣವನ್ನು ಕಟ್ಟಿ ಮುಗಿಸಿದ ಮೇಲಲ್ಲ, ಕಂಬ ನೆಡುವಾಗಲೇ ಸಂಘದ ಖಾತೆಗೆ ಹಾಕಲಿ. ಬೀಸಣಿಗೆಯ ಮನೆಗಲ್ಲ, ನೆತ್ತಿಕಿಂಡಿಯ ಮನೆಗೆ ಕೊಡಲಿ. ರಾತ್ರಿ ದೀಪ ಉರಿಸುವ ಊರುಗಳಿಗೆ ಯಾವ ಗಂಟೆಗೆ ವಿದ್ಯುತ್ತು ಬರುತ್ತದೆಂದು ತಿಂಗಳ ಮೊದಲೇ ಬರೆದು ಹಚ್ಚಲಿ. ಎರಡು ರಾತ್ರಿ ತಪ್ಪಿದರೆ ಗಿಡಕ್ಕೆ ಗಂಟೆ ತಪ್ಪುತ್ತದೆಂಬುದು ಎಂಜಿನಿಯರಿಗೆ ತಿಳಿಯದ ವಿಷಯವೇನಲ್ಲ. ಹಳೆಯ ಹೊದಿಕೆಯನ್ನು ಹೊಲದ ಬದುವಿನಲ್ಲಿ ಸುಡದಂತೆ, ಮಾರಿದವನೇ ವಾಪಸು ಒಯ್ಯಬೇಕೆಂದು ಕಟ್ಟು ಮಾಡಲಿ. ಒಳಗೆ ದುಡಿಯುವವಳಿಗೆ ಶಾಖದ ಮಿತಿ, ಸಿಂಪಡಿಸಿದ ಮೇಲೆ ಒಳಹೋಗದಿರುವ ಗಂಟೆಗಳ ಮಿತಿ, ಕುಡಿಯುವ ನೀರು, ಇವನ್ನು ಸಹಾಯಧನದ ಷರತ್ತಿನಲ್ಲೇ ಬರೆಯಲಿ. ಷರತ್ತು ಹಾಕಲು ಹೊಸ ಕಾಯಿದೆ ಬೇಡ. ಸರ್ಕಾರದ ಹಣ, ಸರ್ಕಾರದ ಮಾತು.

ಇನ್ನು ಹೂ ಮಾರುವವರ ವಿಷಯ. ಬನಶಂಕರಿಯ ಆ ತಾಯಿಗೆ ಸಂಜೆ ಉಳಿದ ಹೂವನ್ನು ಇಡಲು ತಂಪು ಜಾಗವಿಲ್ಲ. ಉಳಿದದ್ದು ಬಾಡುತ್ತದೆ, ಬಾಡಿದ್ದು ನಷ್ಟ. ಬೆಳಗ್ಗೆ ಹೂ ತರಲು ಪಡೆದ ಕೈಸಾಲಕ್ಕೆ ಬೆಂಗಳೂರಿನಲ್ಲಿ ಮೀಟರ್ ಬಡ್ಡಿ ಎನ್ನುತ್ತಾರೆ. ಆಟೋದ ಮೀಟರಿನಂತೆ ನಿಂತಲ್ಲೂ ಓಡುತ್ತಿರುತ್ತದೆ. 2023ರಿಂದ ಮನೆಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ತು ಬಂತು, ಒಳ್ಳೆಯದೇ ಆಯಿತು. ಆದರೆ ಎಂಟಡಿ ಅಂಗಡಿಯ ಒಂದು ಬಲ್ಬಿಗೂ ವಾಣಿಜ್ಯ ದರ ಕಟ್ಟುವವನಿಗೆ ಆ ಬೆಳಕು ತಲುಪಿಲ್ಲ. ಜಯನಗರ 4ನೆಯ ಬ್ಲಾಕಿನ ಮಾರುಕಟ್ಟೆಯಾಗಲಿ, ನಮ್ಮ ದಾವಣಗೆರೆಯ ಮಾರುಕಟ್ಟೆಯಾಗಲಿ, ಅದರ ತಾರಸಿಯ ಮೇಲೆ ಬಿಸಿಲು ಪುಕ್ಕಟೆ ಬೀಳುತ್ತಿದೆ. ಅಲ್ಲಿ ಸೂರ್ಯಫಲಕ ಹಾಸಿ, ಕೆಳಗೊಂದು ತಂಪುಕೋಣೆ ಮಾಡಿ, ಹೂವಿನವರಿಗೂ ಸೊಪ್ಪಿನವರಿಗೂ ಬುಟ್ಟಿಯ ಲೆಕ್ಕದಲ್ಲಿ ಕೊಟ್ಟರೆ ನಗರಸಭೆಗೆ ಏನು ನಷ್ಟ? ನಮ್ಮೂರಿನಲ್ಲಿಯೂ ಕುಂದವಾಡ ಕೆರೆಯ ಬಳಿ ಗಾಜಿನ ಮನೆ ಕಟ್ಟಿಸಿದ್ದಾರೆ. ನೋಡಲು ಚೆಂದವಿದೆ, ಮಕ್ಕಳಿಗೆ ಸಂತೋಷವಾಗುತ್ತದೆ. ಅದನ್ನು ಕಟ್ಟಲು ಹಣ ಹುಡುಕಿದವರು ತಂಪುಕೋಣೆಗೂ ಹುಡುಕಬಲ್ಲರು.

ಈ ಬೇಡಿಕೆಗಳನ್ನು ಬರೆದು ತೋಟಗಾರಿಕೆ ಇಲಾಖೆಗೂ ಪಾಲಿಕೆಗೂ ಕೊಡಲು ಪಕ್ಷದ ಜಿಲ್ಲಾ ಸಮಿತಿ ತೀರ್ಮಾನಿಸಿದೆ. ಬರಿಯ ಮಾತು ಸಾಲದು, ಲೆಕ್ಕ ಬೇಕು. ಸಣ್ಣ ಅಂಗಡಿಯವರು ಕಳೆದ ಮೂರು ತಿಂಗಳ ವಿದ್ಯುತ್ ಬಿಲ್ಲುಗಳನ್ನು, ಹೂ ತರಕಾರಿ ಮಾರುವವರು ವಾರಕ್ಕೆಷ್ಟು ಬುಟ್ಟಿ ಕೆಟ್ಟುಹೋಗುತ್ತದೆಂಬ ಅಂದಾಜನ್ನು, ಹಳ್ಳಿಗಳಲ್ಲಿ ಹಸಿರುಮನೆಗೆ ಅರ್ಜಿ ಹಾಕಿ ಕಾಯುತ್ತಿರುವ ನೆಂಟರಿದ್ದವರು ಆ ಅರ್ಜಿಯ ನಕಲನ್ನು ಕಚೇರಿಗೆ ತಂದುಕೊಡಬೇಕು. ಪಾಳಿ ಮುಗಿಸಿ ಬರುವ ಗಿರಣಿಯವರಿಗಾಗಿ ಕಚೇರಿಯ ಬಾಗಿಲು ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಓದು ಬರಹ ಬಾರದವರ ಲೆಕ್ಕವನ್ನು ನಾನೇ ಬರೆದುಕೊಳ್ಳುತ್ತೇನೆ.